ಗೆಣ್ಣಿಗೊಂದು ಬೇರು

ಮಧ್ಯಾಹ್ನದ ಬೆಲ್ಲು ಹೊಡೆದ ಮೇಲೆ
ಕಾಲೇಜಿನ ಹಿಂಬಾಗಿಲಿಗೆ ಬಂದಳು ಖುರ್ಷಿದಾ.
ಶಿಡ್ಲಘಟ್ಟದ ಫಿಲೇಚರಿನ ಬಿಸಿನೀರಲ್ಲಿ ಬೆಂದು
ಬೆಳ್ಳಗೆ ಸುಕ್ಕಿದ ಬೆರಳು,
ಬೆರಳಲ್ಲಿ ಹಾಲಿನ ಕವರು,
ಕವರಲ್ಲಿ ಬಾಡಿದ ಒಂದು ಗೇಣು ಬಳ್ಳಿ.

"ಇದರ ಹೆಸರು ಹೇಳು ಪಿಳ್ಳಣ್ಣಾ."

ನಾನು ಮೇಷ್ಟ್ರಲ್ಲ. ಸಸ್ಯಶಾಸ್ತ್ರದ ಲ್ಯಾಬಿನಲ್ಲಿ
ಇಪ್ಪತ್ತೆಂಟು ವರ್ಷ ಗಾಜು ತೊಳೆದವನು,
ಹಾಳೆಗೆ ಎಲೆ ಅಂಟಿಸಿ ಚೀಟಿ ಬರೆದವನು.
ಅಕ್ಷರ ದುಂಡಗಿದೆ, ಅಷ್ಟೇ ನನ್ನ ವಿದ್ಯೆ.

ಎಲ್ಲಿ ಸಿಕ್ತು?
ಕೆರೆಯ ತೂಬಿನ ಕೆಳಗೆ, ಸೀಳುಬಿಟ್ಟ ಮಣ್ಣಲ್ಲಿ.
ಎಮ್ಮೆ ಕಾಲಿಟ್ಟ ಗುಂಡಿಯೊಳಗೂ ಇದೇ,
ಗುಂಡಿಯಾಚೆಗೂ ಇದೇ.
ಅವಳತ್ತೆ ಬ್ರಾಹ್ಮಿ ಅಂದಳಂತೆ,
ಅರೆದು ಕುಡಿಸು, ಹುಡುಗ ಮಗ್ಗಿ ಮರೆಯಲ್ಲ ಎಂದು.
ಗೂಡಂಗಡಿಯ ದೊಡ್ಡನಂಜಪ್ಪ ಗರುಗ ಅಂದ,
ಕೂದಲಿಗೆ ಒಳ್ಳೇದು ಎಂದ.
ಅವನದೇ ತಲೆ ಬೋಳು.

ಎಲೆಯನ್ನು ಅಂಗೈಯಲ್ಲಿ ಹಿಸುಕಿದೆ.
ಗರುಗವಾದರೆ ಸ್ವಲ್ಪ ಹೊತ್ತಿಗೇ ಕೈ ಕಪ್ಪಾಗಬೇಕು.
ಕಾದೆವು. ಹಸಿರು ಹಸಿರಾಗೇ ಒಣಗಿತು.
ಬ್ರಾಹ್ಮಿಯ ಎಲೆ ದಪ್ಪ, ನೀರು ತುಂಬಿದ್ದು, ಅಂಚು ನುಣ್ಣಗೆ,
ಹೂವು ಒಂಟಿ.
ಇದಕ್ಕೆ ತೊಟ್ಟಿನ ಕಡೆ ನುಣುಪು, ತುದಿಗೆ ಮಾತ್ರ ಗರಗಸ,
ಮುಂದಿನ ಹಲ್ಲಷ್ಟೇ ಬಂದ ಕೂಸಿನ ಹಾಗೆ.

ಲೆನ್ಸು ಕೊಟ್ಟೆ. ಒಂದೇ ಕಣ್ಣು ಮುಚ್ಚಲು ಬಾರದೆ
ಅಂಗೈ ಅಡ್ಡ ಹಿಡಿದು ನೋಡಿದಳು:
ಉದ್ದ ಕಡ್ಡಿಯ ತುದಿಗೆ ನೇರಳೆ ಗುಂಡು,
ಬೆಂಕಿಕಡ್ಡಿಯ ತಲೆಯಷ್ಟು,
ಸುತ್ತ ಬಿಳಿ ಹೂಗಳ ಒಂದೇ ಒಂದು ಬಳೆ.
ಕೆಳಗಿನವು ಉದುರಿದಂತೆ
ಬಳೆ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ.
"ಇಷ್ಟು ಸಣ್ಣದಕ್ಕೆ ಇಷ್ಟೊಂದು ಕೆಲಸವಾ!" ಎಂದಳು
ಒಂದು ಗೂಡಿನಿಂದ ಕಿಲೋಮೀಟರು ಎಳೆ ಬಿಚ್ಚುವವಳು.

ನೆಲಹಿಪ್ಪಲಿ, ಎಂದೆ.
ದೊಡ್ಡ ಹೆಸರೂ ಇದೆ, ಫೈಲಾ ನೋಡಿಫ್ಲೋರಾ,
ಗೆಣ್ಣಿಗೆ ಹೂವು ಎಂದು ಅರ್ಥ,
ವರ್ಗವಾಗಿ ಹೋದ ಮೇಡಂ ಹೇಳಿದ್ದರು.
"ಹೆಸರಿರಲಿ. ಹಾಕಿದರೆ ಹಿಡಿಯುತ್ತಾ?"
ಎಲ್ಲಿ ಹಾಕ್ತೀಯ?
"ಅಮ್ಮೀ ಮೇಲೆ."

ತಿಳಿಯಲು ನನಗೆ ಹೊತ್ತು ಹಿಡಿಯಿತು.
ಖಬರಸ್ತಾನದ್ದು ಗರಸು ಮಣ್ಣು.
ಕಾಶಿಕಣಗಿಲೆ ಒಣಗಿತು, ಗುಲಾಬಿ ಆಡಿಗಾಯಿತು,
ಮಳೆ ಹೊಯ್ದಾಗೆಲ್ಲ ದಿಬ್ಬ ಕರಗುತ್ತಿದೆ.
ಅವರ ಕಡೆ ಹೆಂಗಸರು ಒಳಗೆ ಹೋಗುವುದಿಲ್ಲ.
ಮೋಟುಗೋಡೆಯಾಚೆ ನಿಂತವಳ ಕಣ್ಣಿಗೆ
ಇದೇ ಎಂದು ಸಿಕ್ಕಬೇಕು. ಅದಕ್ಕೆ ಈ ಬಿಳಿ.

ಹಾಗಾದರೆ ಕೇಳು.
ಮೂರು ಬೆರಳುದ್ದ ಕತ್ತರಿಸು, ಎರಡು ಗೆಣ್ಣಿರಲಿ,
ಒಂದು ಮಣ್ಣಿಗೆ, ಒಂದು ಗಾಳಿಗೆ.
ಬಿಸಿಲಿಳಿದ ಮೇಲೆ, ಗೇಣಿಗೊಂದರಂತೆ,
ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಷ್ಟು ಜೋರಾಗಿ ಒತ್ತು.
"ಆ ಮಿಷನ್ನು ನನ್ನ ಹೆಬ್ಬೆಟ್ಟು ಗುರುತೇ ಹಿಡಿಯಲ್ಲ," ಎಂದಳು,
"ಬೆಂದು ಗೆರೆಯೆಲ್ಲ ಹೋಗಿದೆ. ಮಗನದ್ದು ಒತ್ತಿಸ್ತೀನಿ."
ಫಿಲೇಚರಿನ ನೀರು ಬೇಡ, ವಜೂ ನಲ್ಲಿಯದು ಸಾಕು,
ಹದಿನೈದು ದಿನ. ಆಮೇಲೆ ಅದರ ಪಾಡಿಗೆ ಬಿಡು.
ತುಳಿದರೆ ಸಾಯಲ್ಲ.
ಆಡು ಮೇದರೆ ಎಲೆ ಹೋಗುತ್ತೆ, ಗೆಣ್ಣು ನೆಲದಲ್ಲಿರುತ್ತೆ.

ಉಳಿದ ತುಂಡನ್ನು ಹಾಳೆಗೆ ಅಂಟಿಸಿದೆ.
ಸಿಕ್ಕ ಜಾಗ: ಕೆರೆಯ ತೂಬು.
ಸಂಗ್ರಹಿಸಿದವರು: ಖುರ್ಷಿದಾ ಬಾನು, ರೇಷ್ಮೆ ಬಿಚ್ಚುವವರು.
ದುಂಡಗೆ ಬರೆದೆ.

ರಂಜಾನ್ ಮುಗಿದ ವಾರ ಮತ್ತೆ ಬಂದಳು, ಕೈ ಖಾಲಿ.
ಗೋಡೆಯಾಚೆಯಿಂದ ಕೂಗಿ ಹೇಳಿಕೊಟ್ಟಳಂತೆ,
ಹುಡುಗ ಸಾಲಾಗಿ ಒತ್ತಿದನಂತೆ, ಎಲ್ಲವೂ ಹಿಡಿದವು.
"ಹಿಡಿದಿದ್ದೇ ಕಷ್ಟ ನೋಡು.
ಪಕ್ಕದ ಸಾಬ್‌ಜಾನ್ ಮೇಸ್ತ್ರಿ ಮೇಲೂ ಹಬ್ಬಿದೆ,
ಅದರಾಚೆ ಕಲ್ಲಿಲ್ಲದ ಎರಡರ ಮೇಲೂ.
ಯಾವುದು ಅಮ್ಮೀ, ಗೊತ್ತಾಗಲ್ಲ."

ಅಂಚು ಕೀಳಿಸಲಾ ಎಂದು ಕೇಳಿದೆ.
ಬೇಡ ಎಂದಳು. ಹೊರಟಳು. ಬಾಗಿಲಲ್ಲಿ ತಿರುಗಿದಳು.
"ಬಿಳಿ ಎಲ್ಲೆಲ್ಲಿದೆಯೋ ಅಲ್ಲಿಗೆಲ್ಲ ದುವಾ ಮಾಡ್ತಿದೀನಿ.
ಆ ಮೇಸ್ತ್ರಿ ನನಗೆ ಎರಡು ತಿಂಗಳ ಕೂಲಿ ಕೊಡಬೇಕಿತ್ತು.
ಅವನಿಗೂ."